ಕಾವಲಿಗೆ ಕಾವಲು

ಮಧುಗಿರಿ ತಾಲೂಕಿನ ಬಡಗಣ ಅಂಚಿನ ಈ ಬಯಲಿಗೆ
ಕಾವಲು ಅಂತಲೇ ಹೆಸರು.
ನನಗೂ ಅದೇ ಕೆಲಸ. ಬೆಂಕಿ ವಾಚರು.
ಜನವರಿಯಿಂದ ಮೇ ತನಕ ದಿನಗೂಲಿ,
ಒಂದು ಸೀಟಿ, ಒಂದು ಟಾರ್ಚು,
ಬಡಿಯಲಿಕ್ಕೆ ಬಂದರಿ ಸೊಪ್ಪಿನ ಹಸಿ ಬರಲು.

ಊರಿನವರು ಮಳೆ ಕೇಳುತ್ತಾರೆ.
ನಾನು ಒಳಗೊಳಗೇ ಹೆದರುತ್ತೇನೆ.
ಹುಬ್ಬೆ ಉತ್ತರೆ ಎರಡೂ ಕೈಕೊಟ್ಟ ವರ್ಷ
ಹುಲ್ಲು ಪಾದ ಮುಚ್ಚುವುದಿಲ್ಲ,
ಇದ್ದಷ್ಟನ್ನೂ ಜಿಂಕೆ ನೆಲಕ್ಕೆ ನಾಲಗೆ ಹಚ್ಚಿ ಮುಗಿಸಿರುತ್ತದೆ.
ಬೀಡಿ ತುಂಡು ಎಸೆದರೂ ಹತ್ತಿಕೊಳ್ಳಲು ಏನೂ ಇಲ್ಲ.
ಆ ಬೇಸಿಗೆ, ಟವರಿನ ನೆರಳಲ್ಲಿ, ಗಡದ್ದಾಗಿ ನಿದ್ದೆ.
ಮಳೆ ಒಲಿದ ವರ್ಷವೇ ನನ್ನ ಗ್ರಹಚಾರ:
ಸೊಂಟ ಮುಟ್ಟುವ ಕರಡ,
ಸಂಕ್ರಾಂತಿಗೆ ಬಂಗಾರ, ಶಿವರಾತ್ರಿಗೆ ಕಾಗದ.
ನೀರೇ ಬೆಂಕಿಯನ್ನು ಬೆಳೆಯುತ್ತದೆ
ಅಂತ ಯಾರ ಮುಂದೆ ಹೇಳಲಿ?

ಎಲ್ಲ ಕಡೆಯೂ ಒಂದೇ ಹುಲ್ಲಲ್ಲ.
ತಗ್ಗಿನಲ್ಲಿ ಚೌಳು, ಬೆರಳುದ್ದದ ಗರಿಕೆ;
ಉರಿ ಅಲ್ಲಿಯ ತನಕ ಬಂದು
ಮುನಿಸಿಕೊಂಡ ಅಳಿಯನ ಹಾಗೆ ತಾನೇ ಕೂತುಬಿಡುತ್ತದೆ.
ಮೇಲೆ ಗರಸು. ಹಂಚಿಕಡ್ಡಿ, ಸೂಜಿಹುಲ್ಲು,
ಪಂಚೆಗೆ ಚುಚ್ಚಿಕೊಂಡು ಮನೆತನಕ ಬರುವಂಥದ್ದು.
ಹುತ್ತದ ಸುತ್ತ ಮಾತ್ರ ಹಸಿರು ತಡವಾಗಿ ಆರುತ್ತದೆ,
ಗೆದ್ದಲು ಆಳದಿಂದ ಹೊತ್ತು ತಂದ ಮಣ್ಣಿನ ಕೊಬ್ಬು.
ಅಲ್ಲೇ ಒಂದು ಕರಿ ಗಂಡು ನಿಂತು ಹಿಕ್ಕೆ ಹಾಕುತ್ತದೆ,
ದಿನಾ ಅದೇ ಜಾಗ,
ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ.

ಆರು ವರ್ಷ ಒಂದು ಕಿಡಿಯನ್ನೂ ಬೆಳೆಯಬಿಡಲಿಲ್ಲ ನಾವು,
ನಾನು, ಗಾದ್ರಪ್ಪ, ಹನೀಫ.
ರೇಂಜರು ಬೆನ್ನು ತಟ್ಟಿದರು.
ಆರನೆಯ ವರ್ಷ ಕಗ್ಗಲಿ ನನ್ನ ಹೆಗಲು ಮೀರಿತ್ತು.
ಬಂದರಿ, ಜಾಲಿ, ನಡುನಡುವೆ ಹಗಲಲ್ಲೂ ಕತ್ತಲು.
ಓಡಿ ಬದುಕುವ ಪ್ರಾಣಿಗೆ ದೂರ ಕಾಣಬೇಕು.
ಕಾಣಲಿಲ್ಲ.
ಒಂದೊಂದಾಗಿ ತಂತಿ ನುಸುಳಿ ಕಡಲೇಕಾಯಿ ಹೊಲ ಸೇರಿದವು.
ಆಡು ಮೇಯಿಸುವ ಚಿಕ್ಕೀರಮ್ಮ ಬೇಲಿಯಾಚೆ ನಿಂತು,
"ಏನ್ ವಾಚರಣ್ಣ,
ನಮ್ಮ ಆಡ್ನೂ ಬಿಡ್ಲಿಲ್ಲ, ಬೆಂಕೀನೂ ಬಿಡ್ಲಿಲ್ಲ,
ಇನ್ನ ನೀನೇ ಮೇಯಿ" ಅಂದಳು.
ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ.

ಉಳಿದ ಜಿಂಕೆ ಎಲ್ಲಿದ್ದವು ಅಂದರೆ ಬೆಂಕಿರೇಖೆಯಲ್ಲಿ,
ಬೆಂಕಿ ದಾಟದಿರಲಿ ಅಂತ ವರ್ಷಾ ವರ್ಷಾ
ನಾವೇ ಸುಡುವ ಹತ್ತು ಮಾರಿನ ಪಟ್ಟೆಯಲ್ಲಿ.
ಅಲ್ಲಿ ಮೊಣಕಾಲೆತ್ತರದ ಕಗ್ಗಲಿಯೊಂದು ಗುದ್ದಲಿಗೆ ಅಡ್ಡ ಬಂತು.
ಸಸಿ ಅಂತ ಎಳೆದೆ. ಬರಲಿಲ್ಲ.
ಅಗೆದೆ.
ಕೆಳಗೆ ನನ್ನ ತೊಡೆಯಷ್ಟು ದಪ್ಪ ಬೇರು.
ಕತ್ತಿನಲ್ಲಿ ಸುಟ್ಟ ಗಂಟಿನ ಮೇಲೆ ಸುಟ್ಟ ಗಂಟು,
ಅಪ್ಪ ಇಲ್ಲಿ ದನ ಕಾಯುತ್ತಿದ್ದ ಕಾಲದ ಬೆಂಕಿಗಳು.
ಪ್ರತಿ ಸಲ ತಲೆ ಕೊಟ್ಟು ಕಾಲು ಉಳಿಸಿಕೊಂಡು
ಒಂದು ಬಿಡುವಿಗಾಗಿ ಕಾದು ಕೂತಿದೆ.
ಆಚೆ ಹೆಗಲು ಮೀರಿದವೆಲ್ಲ ಇದರ ವಾರಿಗೆಯವೇ;
ಅವಕ್ಕೆ ಬಿಡುವು ಕೊಟ್ಟವನು ನಾನು.
ಮಣ್ಣು ಮುಚ್ಚಿದೆ. ಗಾದ್ರಪ್ಪನಿಗೂ ಹೇಳಲಿಲ್ಲ.

ಹೋದ ವರ್ಷ ಸ್ವಾತಿ ತನಕ ಸುರಿಯಿತು.
ಕಾಮನ ಹುಣ್ಣಿಮೆಗೆ ಒಂದು ದಿನ ಮುಂಚೆ
ಗರಸಿನ ಕಡೆ ಹೊಗೆ.
ಸೀಟಿ ಊದಿದೆ. ಹನೀಫ ಬಂದರಿ ಮುರಿದ.
ಓಡಿದೆ, ಓಡಲೇಬೇಕು, ಕೂಲಿ ಇರುವುದೇ ಅದಕ್ಕೆ.
ಆದರೆ ಅವನಿಗಿಂತ ಹತ್ತು ಹೆಜ್ಜೆ ಹಿಂದೆ.

ಭರಣಿ ಎರಡು ಹದ ಬಿದ್ದ ವಾರಕ್ಕೆ
ಕರಿ ನೆಲದ ತುಂಬ ಸೂಜಿಮೊನೆಯಷ್ಟು ಹಸಿರು.
ಕಗ್ಗಲಿಯ ಕಪ್ಪು ಕಡ್ಡಿಗಳು ನಿಂತಿದ್ದವು,
ಬುಡದಲ್ಲಿ ಆಗಲೇ ಕೆಂಪು ಚಿಗುರು.
ಫಾರಂ ಬಂತು. ಸುಟ್ಟ ವಿಸ್ತೀರ್ಣ:
ನಲವತ್ತೊಂದು ಎಕರೆ, ಬರೆದೆ.
ಆದ ನಷ್ಟ:
ಅಲ್ಲಿ ಪೆನ್ನು ನಿಂತಿತು.
ಟವರ್ ಹತ್ತಿ ಎಣಿಸಿದೆ, ಇಳಿದು ಬೀಡಿ ಸೇದಿ
ಹತ್ತಿ ಮತ್ತೆ ಎಣಿಸಿದೆ.
ಅರವತ್ಮೂರು ಜಿಂಕೆ. ಮರಿ ಬಿಟ್ಟು.